ಸಂಧಿವಾತದ ಮಾತ್ರೆಯಿಂದ ಚರ್ಮದ ಕ್ಯಾನ್ಸರ್ ಬರುತ್ತದೆಯೇ?

“ಆ ಗುಳಿಗಿ ಬ್ಯಾಡ, ಅದರಿಂದ ಕ್ಯಾನ್ಸರ್ ಬರ್ತದಂತ.” ಹಳಿಯಾಳದ ಸಂತೆಯಲ್ಲೋ ದಾಂಡೇಲಿಯ ಬಸ್ ನಿಲ್ದಾಣದಲ್ಲೋ ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಕೆಲವು ಔಷಧಗಳ ಪೊಟ್ಟಣದೊಳಗಿನ ಚೀಟಿಯಲ್ಲಿ ‘ಚರ್ಮದ ಕ್ಯಾನ್ಸರ್’ ಎಂದು ಬರೆದಿರುವುದೂ ನಿಜ. ಅದನ್ನು ಓದಿದ ಮನೆಯವರು ಗಾಬರಿಯಾಗುತ್ತಾರೆ, ಮಾತ್ರೆ ನಿಂತುಹೋಗುತ್ತದೆ. ಕೆಲವು ವಾರ, ತಿಂಗಳು ಕಳೆಯುವಷ್ಟರಲ್ಲಿ ಬೆರಳಿನ ಗಿಣ್ಣುಗಳು ಮತ್ತೆ ಊದಿಕೊಳ್ಳುತ್ತವೆ.

ಆ ಮಾತಿನಲ್ಲಿ ನಿಜ ಎಷ್ಟು? ಕೆಲವು ಔಷಧಗಳಿಂದ ಅಪಾಯ ಸ್ವಲ್ಪ ಹೆಚ್ಚುತ್ತದೆ. ಆದರೆ ನಮ್ಮ ಕಡೆಯ ಹೆಚ್ಚಿನವರಿಗೆ ಆ ಅಪಾಯ ಬಹಳ ಸಣ್ಣದು. ಅದಕ್ಕೆ ಹೆದರಿ ಮಾತ್ರೆ ಬಿಡಬೇಕಾಗಿಲ್ಲ, ಚರ್ಮದ ಮೇಲೆ ಒಂದು ಕಣ್ಣಿಟ್ಟರೆ ಸಾಕು.

ಇದು ಯಾವ ಸಂಧಿವಾತ?

ವಯಸ್ಸಾದಂತೆ ಮೊಣಕಾಲು ಸವೆದು ಬರುವ ನೋವಿನ ಬಗ್ಗೆ ಇಲ್ಲಿ ಹೇಳುತ್ತಿಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ದಾಳಿ ಮಾಡುತ್ತದೆ. ಬೆಳಿಗ್ಗೆ ಎದ್ದಾಗ ಕೈಬೆರಳು ಮಡಚಲಾಗದಷ್ಟು ಬಿಗಿತ, ಎರಡೂ ಮಣಿಕಟ್ಟುಗಳಲ್ಲಿ ಊತ ಇದರ ಗುರುತು. ಹೆಂಗಸರಲ್ಲಿ ಹೆಚ್ಚು. ದಾಳಿಯನ್ನು ತಡೆಯದಿದ್ದರೆ ಕೀಲು ಶಾಶ್ವತವಾಗಿ ಸೊಟ್ಟಗಾಗುತ್ತದೆ. ಆದ್ದರಿಂದಲೇ ವೈದ್ಯರು ರೋಗನಿರೋಧಕ ಶಕ್ತಿಯನ್ನು ಸ್ವಲ್ಪ ತಗ್ಗಿಸುವ ಔಷಧ ಕೊಡುತ್ತಾರೆ.

ಕೀಲಿನ ಔಷಧಕ್ಕೂ ಚರ್ಮಕ್ಕೂ ಏನು ಸಂಬಂಧ?

ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಚರ್ಮದ ಜೀವಕೋಶಗಳ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಬಹುತೇಕ ಪೆಟ್ಟುಗಳನ್ನು ಜೀವಕೋಶವೇ ಸರಿಪಡಿಸಿಕೊಳ್ಳುತ್ತದೆ. ದಾರಿ ತಪ್ಪಿದ ಕೋಶಗಳನ್ನು ರೋಗನಿರೋಧಕ ವ್ಯವಸ್ಥೆ ಗುರುತಿಸಿ ಕೊಲ್ಲುತ್ತದೆ. ಈ ಕಾವಲು ಸಡಿಲವಾದರೆ ಅಂಥ ಒಂದೆರಡು ಕೋಶಗಳು ಉಳಿದುಕೊಳ್ಳುವ ಸಾಧ್ಯತೆ ಇರುತ್ತದೆ.

ಇದು ಮೊದಲು ಎದ್ದು ಕಂಡದ್ದು ಮೂತ್ರಪಿಂಡ ಕಸಿ ಮಾಡಿಸಿಕೊಂಡ ಬಿಳಿ ಚರ್ಮದ ರೋಗಿಗಳಲ್ಲಿ. ಅವರಲ್ಲಿ ಸ್ಕ್ವಾಮಸ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಹತ್ತಾರು ಪಟ್ಟು ಹೆಚ್ಚು. ಆದರೆ ಕಸಿಯಾದವರು ಒಟ್ಟೊಟ್ಟಿಗೆ ಹಲವು ಪ್ರಬಲ ಔಷಧಗಳನ್ನು ಜೀವನಪೂರ್ತಿ ತೆಗೆದುಕೊಳ್ಳುತ್ತಾರೆ. ಸಂಧಿವಾತದ ಚಿಕಿತ್ಸೆ ಅಷ್ಟು ಕಠಿಣವಲ್ಲ. ಕಸಿ ರೋಗಿಗಳ ಲೆಕ್ಕವನ್ನು ಹಾಗೇ ತಂದು ಸಂಧಿವಾತದವರ ಮೇಲೆ ಹೊರಿಸುವುದು ಸರಿಯಲ್ಲ.

ಎಲ್ಲ ಮಾತ್ರೆಗಳೂ ಒಂದೇ ಅಲ್ಲ

* ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್: ಇವುಗಳಿಂದ ಚರ್ಮದ ಕ್ಯಾನ್ಸರಿನ ಚಿಂತೆ ಬೇಕಿಲ್ಲ.
* ಮೆಥೊಟ್ರೆಕ್ಸೇಟ್: ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ, ಅತಿ ಹೆಚ್ಚು ಬಳಕೆಯಲ್ಲಿರುವ ಔಷಧ. ಬಿಳಿ ಚರ್ಮದವರ ಕೆಲವು ಅಧ್ಯಯನಗಳಲ್ಲಿ ಅಪಾಯ ಸ್ವಲ್ಪ ಹೆಚ್ಚಿದಂತೆ ಕಂಡಿದೆ.
* ಅಜಥಯೋಪ್ರಿನ್: ಇದು ಕಾವಲು ಸಡಿಲಿಸುವುದರ ಜೊತೆಗೆ ಚರ್ಮವನ್ನು ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗಿಸುತ್ತದೆ. ಇದನ್ನು ತೆಗೆದುಕೊಳ್ಳುವವರು ಬಿಸಿಲಿನ ಬಗ್ಗೆ ನಿಜಕ್ಕೂ ಎಚ್ಚರ ವಹಿಸಬೇಕು.
* ಟಿಎನ್‌ಎಫ್ ತಡೆಯುವ ಚುಚ್ಚುಮದ್ದುಗಳು: ಸಣ್ಣ ಪ್ರಮಾಣದ ಹೆಚ್ಚಳ ವರದಿಯಾಗಿದೆ.
* ಟೊಫಾಸಿಟಿನಿಬ್: 50 ವರ್ಷ ದಾಟಿದ, ಹೃದ್ರೋಗದ ಅಪಾಯವೂ ಇದ್ದ 4,362 ಸಂಧಿವಾತ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟಿಎನ್‌ಎಫ್ ಚುಚ್ಚುಮದ್ದಿನವರಿಗಿಂತ ಈ ಮಾತ್ರೆಯವರಲ್ಲಿ ಕ್ಯಾನ್ಸರ್ ಪ್ರಕರಣಗಳು ಹೆಚ್ಚು ಕಂಡುಬಂದವು. ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರುಗಳೂ ಹಾಗೆಯೇ.

‘ಒಂದೂವರೆ ಪಟ್ಟು ಹೆಚ್ಚು’ ಎಂದು ಓದಿದರೆ ಎದೆ ಧಸಕ್ಕೆನ್ನುತ್ತದೆ. ಒಂದು ಲೆಕ್ಕ ಹಾಕಿ ನೋಡಿ. 10,000 ಜನರಲ್ಲಿ ಇಬ್ಬರಿಗೆ ಬರುವ ರೋಗ ಒಂದೂವರೆ ಪಟ್ಟಾದರೆ ಮೂವರಿಗೆ ಬರುತ್ತದೆ. ಉಳಿದ 9,997 ಜನರಿಗೆ ಬರುವುದಿಲ್ಲ.

ನಮ್ಮ ಚರ್ಮಕ್ಕೆ ಇದು ಎಷ್ಟು ಅನ್ವಯ?

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿಗೆ ಹಿಡಿದ ಕೊಡೆಯಿದ್ದಂತೆ. ಅಮೆರಿಕದಲ್ಲಿ ಕಪ್ಪು ವರ್ಣೀಯರಿಗಿಂತ ಬಿಳಿಯರಲ್ಲಿ ಮೆಲನೋಮಾ 20 ಪಟ್ಟಿಗೂ ಹೆಚ್ಚು. ಭಾರತದಲ್ಲಿಯೂ ಒಟ್ಟು ಕ್ಯಾನ್ಸರುಗಳಲ್ಲಿ ಚರ್ಮದ ಕ್ಯಾನ್ಸರಿನ ಪಾಲು ಬಹಳ ಕಡಿಮೆ.

ಆದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲರ ಚರ್ಮವೂ ಒಂದೇ ಅಲ್ಲ. ಹಳಿಯಾಳ, ಮುಂಡಗೋಡ ಭಾಗದಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ, ಜೋಯಿಡಾದ ಕಾಡಂಚಿನಲ್ಲಿ ಕುಣಬಿಗಳಿದ್ದಾರೆ. ಮುಂಡಗೋಡದಲ್ಲಿ 1966ರಲ್ಲಿ ಶುರುವಾದ ಟಿಬೆಟನ್ ಕಾಲೊನಿಯಲ್ಲಿ ತಿಳಿಬಣ್ಣದ ಚರ್ಮದ ಹಿರಿಯರಿದ್ದಾರೆ. ಚರ್ಮ ತಿಳಿಯಾದಷ್ಟೂ ಬಿಸಿಲಿನ ಪೆಟ್ಟು ಹೆಚ್ಚು. ಹುಟ್ಟಿನಿಂದ ಮೆಲನಿನ್ ಇಲ್ಲದವರಿಗಂತೂ ಬಿಸಿಲೇ ದೊಡ್ಡ ಅಪಾಯ.

ಕಪ್ಪು, ಕಂದು ಚರ್ಮದವರಿಗೆ ಬೇರೊಂದು ತೊಂದರೆಯಿದೆ. ‘ನಮಗೆ ಬರುವುದಿಲ್ಲ’ ಎಂಬ ನಂಬಿಕೆಯಿಂದ, ಬಂದಾಗ ತಡವಾಗಿ ಗೊತ್ತಾಗುತ್ತದೆ. ಜೊತೆಗೆ ನಮ್ಮಲ್ಲಿ ಈ ಕ್ಯಾನ್ಸರ್ ಬಿಸಿಲು ಬೀಳದ ಜಾಗಗಳಲ್ಲೂ ಕಾಣಿಸಿಕೊಳ್ಳುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಮೆಲನೋಮಾ ಪತ್ತೆಯಾದದ್ದು ಕಾಲ್ಬೆರಳಿನ ಉಗುರಿನಡಿ. 1981ರಲ್ಲಿ ಅವರು ತೀರಿಕೊಂಡರು.

ಎಲ್ಲಿ ನೋಡಬೇಕು?

ತಿಂಗಳಿಗೊಮ್ಮೆ ಸ್ನಾನದ ಹೊತ್ತಿನಲ್ಲಿ ಐದು ನಿಮಿಷ ಸಾಕು. ಬೆನ್ನು, ಅಂಗಾಲು ನೋಡಲು ಮನೆಯವರ ಸಹಾಯ ಪಡೆಯಿರಿ.

* ಅಂಗಾಲು, ಅಂಗೈ, ಉಗುರು: ಹೊಸದಾಗಿ ಮೂಡಿ ಹರಡುತ್ತಿರುವ ಕಪ್ಪು ಕಲೆ, ಅಗಲವಾಗುತ್ತಿರುವ ಕಪ್ಪು ಗೆರೆ.
* ಹಳೆಯ ಸುಟ್ಟ ಕಲೆ: ಒಲೆಯ ಬೆಂಕಿಯಿಂದ ವರ್ಷಗಳ ಹಿಂದೆ ಆದ ಕಲೆಯಲ್ಲಿ ಹೊಸ ಹುಣ್ಣು, ಗಂಟು.
* ಕಾಲಿನ ಮಾಯದ ಹುಣ್ಣು: ಗದ್ದೆಯಲ್ಲಿ, ಕಾಡಿನಲ್ಲಿ ಆದ ಗಾಯ ನಾಲ್ಕು ವಾರವಾದರೂ ಒಣಗದಿರುವುದು, ಒಣಗಿ ಮತ್ತೆ ಬಾಯಿ ಬಿಡುವುದು.
* ಸೊಂಟ: ಸೀರೆಯೊಳಗಿನ ಲಂಗದ ಲಾಡಿ ಬಿಗಿಯಾಗಿ ಉಜ್ಜುವ ಜಾಗ. ಭಾರತದಲ್ಲಿ ಇಲ್ಲಿ ಕ್ಯಾನ್ಸರ್ ಆದ ಪ್ರಕರಣಗಳು ಅಪರೂಪಕ್ಕೆ ವರದಿಯಾಗಿವೆ. ಲಾಡಿ ಸಡಿಲ ಕಟ್ಟಿ.
* ಮುಖ, ಕಿವಿ, ತುಟಿ: ರಕ್ತ ಒಸರುವ ಹೊಪ್ಪಳೆ, ಹೊಳೆಯುವ ಗಂಟು. ನಮ್ಮವರಲ್ಲಿ ಇದು ಕಪ್ಪಗಿರುವುದರಿಂದ ಮಚ್ಚೆಯೆಂದು ಬಿಟ್ಟುಬಿಡುವುದುಂಟು.

ಇಂಥವು ಬಹುಪಾಲು ಕ್ಯಾನ್ಸರ್ ಆಗಿರುವುದಿಲ್ಲ. ಆದರೂ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿಂದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ಅಂದರೆ ಜನ ಕಿಮ್ಸ್ ಎನ್ನುವಲ್ಲಿಗೆ, ಚರ್ಮರೋಗ ತಜ್ಞರ ಬಳಿ ಹೋಗಬಹುದು. ಅನುಮಾನವಿದ್ದರೆ ಚೂರು ಚರ್ಮ ತೆಗೆದು ಬಯಾಪ್ಸಿ ಮಾಡುತ್ತಾರೆ. ‘ಚರ್ಮ ಕತ್ತರಿಸಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬುದು ತಪ್ಪು ನಂಬಿಕೆ. ಬೇಗ ಸಿಕ್ಕ ಚರ್ಮದ ಕ್ಯಾನ್ಸರ್ ಹೆಚ್ಚಿನ ಸಲ ಸಣ್ಣ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯುತ್ತದೆ.

ಮಾತ್ರೆ ಬಿಟ್ಟು ಪುಡಿ ತಿಂದರೆ?

ಹೆದರಿ ಮಾತ್ರೆ ಬಿಟ್ಟವರು ಹಲವು ಸಲ ಹೆಸರಿಲ್ಲದ ಪುಡಿ, ಗುಳಿಗೆಗಳ ಮೊರೆ ಹೋಗುತ್ತಾರೆ. ಕೆಲವು ರಸೌಷಧಗಳಲ್ಲಿ ಆರ್ಸೆನಿಕ್ ಎಂಬ ಪಾಷಾಣ ಇರುತ್ತದೆ. ದೀರ್ಘಕಾಲ ದೇಹ ಸೇರಿದ ಆರ್ಸೆನಿಕ್ ಚರ್ಮದ ಕ್ಯಾನ್ಸರ್ ತರುವುದು ಸಾಬೀತಾಗಿದೆ. ಯಾವ ಕ್ಯಾನ್ಸರಿಗೆ ಹೆದರಿ ಓಡಿದರೋ ಅದರ ಕಡೆಗೇ ಹೋದಂತಾಗುತ್ತದೆ. ಇನ್ನು ಕೆಲವು ಪುಡಿಗಳಿಗೆ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ನೋವು ಕೂಡಲೇ ಇಳಿಯುತ್ತದೆ, ಆದರೆ ಚರ್ಮ ತೆಳುವಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ.

ಇಷ್ಟು ಮಾಡಿ

ಹೊಲದ ಕೆಲಸವನ್ನು ಸಾಧ್ಯವಾದಷ್ಟು ಬೆಳಿಗ್ಗೆ, ಸಂಜೆಗೆ ಇಟ್ಟುಕೊಳ್ಳಿ. ತುಂಬು ತೋಳಿನ ಅಂಗಿ ಹಾಕಿ, ತಲೆ, ಕಿವಿ, ಕುತ್ತಿಗೆಗೆ ಟವೆಲ್ ಅಥವಾ ಸೆರಗು ಹೊದ್ದುಕೊಳ್ಳಿ. ಚರ್ಮ ತಿಳಿಯಾಗಿದ್ದರೆ ಅಥವಾ ಅಜಥಯೋಪ್ರಿನ್ ತೆಗೆದುಕೊಳ್ಳುತ್ತಿದ್ದರೆ ಎಸ್‌ಪಿಎಫ್ 30 ಇಲ್ಲವೇ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ಗದ್ದೆಗೆ, ಕಾಡಿಗೆ ಬರಿಗಾಲಲ್ಲಿ ಹೋಗಬೇಡಿ. ಹಿಂದೆ ಯಾವುದೇ ಕ್ಯಾನ್ಸರ್ ಆಗಿದ್ದರೆ ಔಷಧ ಬರೆಯುವ ಮೊದಲೇ ವೈದ್ಯರಿಗೆ ಹೇಳಿ. ಭಯವಾದರೆ ಅದನ್ನೂ ಹೇಳಿ. ಅಗತ್ಯ ಬಿದ್ದರೆ ಔಷಧ ಬದಲಿಸಲು ದಾರಿಯಿದೆ. ಆದರೆ ಒಮ್ಮೆ ಸೊಟ್ಟಗಾದ ಬೆರಳನ್ನು ಮೊದಲಿನಂತೆ ಮಾಡುವ ಮಾತ್ರೆ ಇಲ್ಲ.