ಉರಿದುಹೋಗದೆ ಬೆಳಗುವ ತಂತು

ಕಬ್ಬಿಣದ ಸಲಾಕೆಯನ್ನು ಕುಲುಮೆಯಲ್ಲಿಟ್ಟರೆ ಅದು ಮೊದಲು ಕೆಂಪಗೆ, ಅನಂತರ ಹಳದಿಯಾಗಿ, ಕಾವು ಇನ್ನೂ ಏರಿದರೆ ಬೆಳ್ಳಗೆ ಹೊಳೆಯುತ್ತದೆ. ಚೆನ್ನಾಗಿ ಕಾದ ಯಾವುದೇ ಘನವಸ್ತು ಹೀಗೆ ಬೆಳಕು ಬೀರುತ್ತದೆ. ನೂರು ವರ್ಷಕ್ಕೂ ಮಿಕ್ಕು ಮನೆಗಳನ್ನು ಬೆಳಗಿದ ವಿದ್ಯುತ್ ಬಲ್ಬಿನ ತತ್ವ ಇದಕ್ಕಿಂತ ಬೇರೆಯಲ್ಲ. ಇಲ್ಲಿ ಕುಲುಮೆಯ ಕೆಲಸವನ್ನು ವಿದ್ಯುತ್ ಪ್ರವಾಹವೇ ಮಾಡುತ್ತದೆ. ಕೂದಲಿಗಿಂತ ತೆಳುವಾದ ತಂತುವಿನ ಮೂಲಕ ಪ್ರವಾಹ ಹರಿಯುವಾಗ ತಂತು ಒಡ್ಡುವ ತಡೆಯಿಂದ, ಎಂದರೆ ವಿದ್ಯುತ್ ರೋಧದಿಂದ, ಅದು ಕ್ಷಣಾರ್ಧದಲ್ಲಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ.

ತತ್ವ ಸುಲಭ, ತೊಡಕು ಇದ್ದುದು ತಂತುವನ್ನು ಉಳಿಸಿಕೊಳ್ಳುವುದರಲ್ಲಿ. ಅಷ್ಟು ಕಾವಿಗೆ ಹೆಚ್ಚಿನ ಲೋಹಗಳು ಕರಗಿಹೋಗುತ್ತವೆ, ಕರಗದ ಇಂಗಾಲವು ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿ ಉರಿದು ಬೂದಿಯಾಗುತ್ತದೆ. 19ನೆಯ ಶತಮಾನದ ಆರಂಭದಲ್ಲಿಯೇ ಇಂಗ್ಲೆಂಡಿನ ಹಂಫ್ರಿ ಡೇವಿ ಅವರು ಪ್ಲಾಟಿನಮ್ ಪಟ್ಟಿಯನ್ನು ವಿದ್ಯುತ್ತಿನಿಂದ ಕಾಯಿಸಿ ಬೆಳಕು ಪಡೆದಿದ್ದರು. ಆದರೆ ಅದು ಮನೆಯಲ್ಲಿ ಬಳಸುವ ದೀಪವಾಗಲಿಲ್ಲ. ಗಾಜಿನ ಬುರುಡೆಯೊಳಗಿನ ಗಾಳಿಯನ್ನು ಹೊರತೆಗೆದರೆ ಇಂಗಾಲದ ತಂತು ಉಳಿದೀತೆಂಬುದು ಬಹಳ ಮಂದಿಗೆ ಹೊಳೆದಿತ್ತು. ಗಾಳಿಯನ್ನು ಸಾಕಷ್ಟು ಹೊರತೆಗೆಯಬಲ್ಲ ಪಂಪು ಮಾತ್ರ ಇರಲಿಲ್ಲ. ಹರ್ಮನ್ ಸ್ಪ್ರೆಂಗೆಲ್ ಅವರು 1865ರಲ್ಲಿ ಪಾದರಸದ ಪಂಪನ್ನು ರೂಪಿಸಿದ ಮೇಲೆ ಈ ಕೊರತೆ ನೀಗಿತು. ಬಲ್ಬಿನ ಕಥೆಯಲ್ಲಿ ಈ ಹೆಸರು ಅಪರೂಪಕ್ಕೆ ಕೇಳಿಬರುವುದು ಅಷ್ಟು ನ್ಯಾಯವಲ್ಲ.

ಬಲ್ಬನ್ನು ಕಂಡುಹಿಡಿದವರು ಥಾಮಸ್ ಆಲ್ವಾ ಎಡಿಸನ್ ಎಂದು ಶಾಲೆಯಲ್ಲಿ ಓದಿದ್ದೇವೆ. ಈ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಇಂಗ್ಲೆಂಡಿನ ಜೋಸೆಫ್ ಸ್ವಾನ್ ಅವರು 1879ರ ಫೆಬ್ರವರಿಯಲ್ಲಿ ನ್ಯೂಕಾಸಲ್ ನಗರದಲ್ಲಿ ಇಂಗಾಲದ ದೀಪವನ್ನು ಸಭಿಕರ ಮುಂದೆ ಬೆಳಗಿಸಿ ತೋರಿಸಿದ್ದರು. ಎಡಿಸನ್ ಅವರ ಮೆನ್ಲೋ ಪಾರ್ಕ್ ಪ್ರಯೋಗಶಾಲೆಯಲ್ಲಿ ಕರಿಕಾಗಿಸಿದ ಹತ್ತಿಯ ನೂಲು ಗಂಟೆಗಟ್ಟಲೆ ಬೆಳಗಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಕೊನೆಗೆ ಬ್ರಿಟನ್ನಿನಲ್ಲಿ ಇಬ್ಬರೂ 1883ರಲ್ಲಿ ಒಂದೇ ಕಂಪನಿಯಾಗಿ ಸೇರಿಕೊಂಡರು.

ಹಾಗಾದರೆ ಎಡಿಸನ್ ಅವರ ಹೆಚ್ಚುಗಾರಿಕೆ ಯಾವುದು? ಅವರು ದೀಪವನ್ನಷ್ಟೇ ನೋಡದೆ ದೀಪದವರೆಗೆ ಬರುವ ತಾಮ್ರದ ತಂತಿಯ ಬೆಲೆಯನ್ನೂ ಲೆಕ್ಕ ಹಾಕಿದರು. ಸ್ವಾನ್ ಅವರ ಮೊದಲ ದೀಪಗಳಲ್ಲಿದ್ದುದು ದಪ್ಪನೆಯ ಇಂಗಾಲದ ಕಡ್ಡಿ. ಅದರ ರೋಧ ಕಡಿಮೆಯಾದ್ದರಿಂದ ಹೆಚ್ಚು ಪ್ರವಾಹ ಹರಿಯಬೇಕಾಗುತ್ತಿತ್ತು. ಹೆಚ್ಚು ಪ್ರವಾಹಕ್ಕೆ ದಪ್ಪ ತಂತಿ ಬೇಕು. ಬೀದಿಬೀದಿಗೆ ಅಂಥ ತಾಮ್ರವನ್ನು ಹಾಸುವುದು ಸಿರಿವಂತರಿಗೂ ದುಬಾರಿ. ತಂತುವನ್ನು ತೆಳ್ಳಗೆ ಮಾಡಿ ರೋಧವನ್ನು ಹೆಚ್ಚಿಸಿ, ವೋಲ್ಟೇಜನ್ನು ಎರಡು ಪಟ್ಟು ಏರಿಸಿದರೆ ಅಷ್ಟೇ ಬೆಳಕಿಗೆ ಅರ್ಧದಷ್ಟು ಪ್ರವಾಹ ಸಾಕು. ಆಗ ತಂತಿಯಲ್ಲಿ ಕಾವಾಗಿ ಪೋಲಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಪೋಲನ್ನು ಮೊದಲಿನಷ್ಟಕ್ಕೇ ಬಿಟ್ಟರೆ ಕಾಲುಭಾಗ ತಾಮ್ರವೇ ಸಾಕಾಗುತ್ತದೆ. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ ಸುಮಾರು 400 ದೀಪಗಳು ಬೆಳಗಿದ್ದು ಈ ಲೆಕ್ಕಾಚಾರದ ಫಲ. ಇದೇ ಲೆಕ್ಕವನ್ನು ಇನ್ನೂ ಮುಂದಕ್ಕೆ ಒಯ್ದು, ಬಹು ಹೆಚ್ಚಿನ ವೋಲ್ಟೇಜಿನಲ್ಲಿ ಪರ್ಯಾಯ ಪ್ರವಾಹವನ್ನು ಸಾಗಿಸಲು ಕಲಿತದ್ದರಿಂದಲೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಲುಪಲು, 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಹೊತ್ತಲು ಸಾಧ್ಯವಾಯಿತು.

ಮುಂದೆ ಇಂಗಾಲದ ಜಾಗಕ್ಕೆ ಟಂಗ್‌ಸ್ಟನ್ ಲೋಹ ಬಂದಿತು. ಇದು ಕರಗಲು 3,400 ಡಿಗ್ರಿಗೂ ಮಿಕ್ಕ ಕಾವು ಬೇಕು. ಪೆಡಸಾದ ಈ ಲೋಹವನ್ನು ತಂತಿಯಾಗಿ ಎಳೆಯುವ ವಿಧಾನವನ್ನು ಅಮೆರಿಕದ ವಿಲಿಯಂ ಕೂಲಿಜ್ ಅವರು 1910ರ ಸುಮಾರಿಗೆ ಸಾಧಿಸಿದರು. ಆದರೂ ಬುರುಡೆಯ ಒಳಮೈ ಕಪ್ಪಾಗುತ್ತಲೇ ಇತ್ತು. ಗಾಳಿಯನ್ನು ಇನ್ನಷ್ಟು ತೆಗೆದರೆ ಸರಿಹೋದೀತೆಂದು ಎಲ್ಲರೂ ಭಾವಿಸಿದ್ದಾಗ, ಕಾದ ತಂತುವಿನಿಂದ ಲೋಹವೇ ಆವಿಯಾಗಿ ಗಾಜಿಗೆ ಅಂಟುತ್ತಿದೆಯೆಂದು ಇರ್ವಿಂಗ್ ಲಾಂಗ್‌ಮ್ಯೂರ್ ಅವರು ತೋರಿಸಿಕೊಟ್ಟರು. 1913ರಲ್ಲಿ ಅವರು ಎಲ್ಲರ ಎಣಿಕೆಗೆ ವಿರುದ್ಧವಾಗಿ, ಬುರುಡೆಯಲ್ಲಿ ತಂತುವಿನೊಡನೆ ಕೂಡದ ಅನಿಲವನ್ನು ತುಂಬಿದರು. ಹೊರಟ ಪರಮಾಣುಗಳನ್ನು ಅನಿಲ ತಡೆಯುತ್ತದೆ. ಅನಿಲವು ಕಾವನ್ನು ಕದಿಯದಂತೆ ತಂತುವನ್ನು ಸುರುಳಿ ಸುತ್ತಿದ್ದೂ ಅವರೇ. ಮನೆಯ ಬಲ್ಬಿನ ಸುರುಳಿಯನ್ನು ಬಿಡಿಸಿದರೆ ತಂತು ಅರ್ಧ ಮೀಟರಿಗೂ ಉದ್ದವಿರುತ್ತದೆ.

ಬಲ್ಬು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲಿಯೇ ಹೋಗುವುದನ್ನು ಓದುಗರು ಗಮನಿಸಿರಬಹುದು. 60 ವ್ಯಾಟಿನ ಬಲ್ಬು ಬೆಳಗುವಾಗ ಅದರ ರೋಧ ಸುಮಾರು 880 ಓಮ್. ತಣ್ಣಗಿರುವಾಗ ಅದರ ಹತ್ತನೆಯ ಒಂದು ಭಾಗವೂ ಇರುವುದಿಲ್ಲ. ಆದ್ದರಿಂದ ಮೊದಲ ಕ್ಷಣದಲ್ಲಿ ಹತ್ತು ಪಟ್ಟಿಗೂ ಹೆಚ್ಚು ಪ್ರವಾಹ ನುಗ್ಗುತ್ತದೆ. ಆವಿಯಾಗಿ ಸವೆದ ಜಾಗವೊಂದಿದ್ದರೆ ತಂತು ಅಲ್ಲಿಯೇ ಕಡಿಯುತ್ತದೆ.

ಇಷ್ಟೆಲ್ಲ ಸುಧಾರಣೆಯಾದರೂ ಈ ಬಲ್ಬು ಪಡೆದ ಶಕ್ತಿಯಲ್ಲಿ ಬೆಳಕಾಗುವುದು ನೂರಕ್ಕೆ ಐದರಷ್ಟು, ಮಿಕ್ಕಿದ್ದು ಕಾವು. ಕಾಯಿಸಿ ಬೆಳಗಿಸುವ ವಿಧಾನದ ಮಿತಿಯೇ ಇದು. ಎಲ್‌ಇಡಿ ದೀಪದಲ್ಲಿ ಕಾಯಿಸುವ ತಂತುವಿಲ್ಲ; ಅರೆವಾಹಕದೊಳಗೆ ಎಲೆಕ್ಟ್ರಾನುಗಳು ಕೆಳಗಿನ ಶಕ್ತಿಮಟ್ಟಕ್ಕೆ ಇಳಿಯುವಾಗ ನೇರವಾಗಿ ಬೆಳಕು ಹೊಮ್ಮುತ್ತದೆ. ಬಿಳಿ ಬೆಳಕಿಗೆ ಅಗತ್ಯವಾದ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಡಿ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ವಿತರಣೆಯಾಗಿವೆ.

60 ವ್ಯಾಟಿನ ಹಳೆಯ ಬಲ್ಬನ್ನು ದಿನಕ್ಕೆ 5 ಗಂಟೆ ಉರಿಸಿದರೆ 30 ದಿನಕ್ಕೆ 9 ಯೂನಿಟ್ ಖರ್ಚು; 9 ವ್ಯಾಟಿನ ಎಲ್‌ಇಡಿಗೆ ಸುಮಾರು ಒಂದೂಕಾಲರಿಂದ ಒಂದೂವರೆ ಯೂನಿಟ್. ಕೊಳ್ಳುವಾಗ ವ್ಯಾಟಿಗಿಂತ ಪೆಟ್ಟಿಗೆಯ ಮೇಲಿನ ಲ್ಯೂಮೆನ್ ಸಂಖ್ಯೆಯನ್ನು ನೋಡಬೇಕು. ಬೆಳಕಿನ ಅಳತೆ ಅದು. ಹಳೆಯ 60 ವ್ಯಾಟಿನ ಬಲ್ಬಿನ ಬೆಳಕು ಸುಮಾರು 700 ಲ್ಯೂಮೆನ್. ಎಲ್‌ಇಡಿಯಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಬುಡದಲ್ಲಿರುವ ಮಂಡಲ, ಅದೂ ಕಾವಿನಿಂದ. ಗಾಳಿಯಾಡದಂತೆ ಮುಚ್ಚಿದ ಗಾಜಿನ ಗೋಳದೊಳಗೆ ಅದನ್ನು ಹಾಕದಿರುವುದು ಒಳ್ಳೆಯದು.