ಇಬ್ಬರಿಗೆ ಆಗದ ಭಜ್ಜಿ

ಎಳ್ಳ ಅಮವಾಸ್ಯೆಗೆ ಎರಡು ದಿನ ಇರುವಾಗ ಬೆಂಗಳೂರಿನಿಂದ ತಂಗಿಯ ಫೋನ್ ಬಂತು. ರಜೆ ಸಿಕ್ಕಿರಲಿಲ್ಲ. "ಯವ್ವಾ, ಇಲ್ಲಿ ನಾವಿಬ್ರೇ. ಭಜ್ಜಿಗಿ ಏನೇನು ಎಷ್ಟೆಷ್ಟು ಹಾಕ್ಬೇಕು ಹೇಳು, ಬರ್ಕೋತೀನಿ." ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಹೇಳಿದಳು: "ಇಬ್ಬರಿಗಿ ಭಜ್ಜಿ ಆಗಲ್ಲವ್ವ. ಝುಣಕ ಮಾಡ್ಕೋ."

ನಾನು ನಕ್ಕೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ ಅವ್ವ ಹೇಳಿದ್ದು ತಮಾಷೆಯಲ್ಲ, ಅಡುಗೆಯ ಅಳತೆ.

ಬೆಂಗಳೂರಿನವರಿಗೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ. ಕಲಬುರಗಿ, ಬೀದರ ಕಡೆ ಎಳ್ಳ ಅಮವಾಸ್ಯೆಯ ಭಜ್ಜಿ ಬೇರೆಯೇ. ಹಸಿ ತೊಗರಿಕಾಳು, ಅವರೆಕಾಳು, ಶೇಂಗಾ, ಆಗತಾನೇ ಕಾಯಿ ಬಿಟ್ಟಿದ್ದರೆ ಹಸಿ ಕಡಲೆ. ಮೆಂತ್ಯೆ, ಪಾಲಕ, ಪುಂಡಿ, ಉಳ್ಳಾಗಡ್ಡಿ ತಪ್ಪಲ, ಕಡಲೆಯ ಕುಡಿ. ಬದನೆ, ಗಜ್ಜರಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಹಿಟ್ಟು ಕಲಸಿ ಬಿಟ್ಟು, ಕಟಗೋಲಿನಿಂದ ಅರೆಬರೆ ಮಸೆದು ಒಗ್ಗರಣೆ ಕೊಡಬೇಕು. ಒಂದೊಂದು ಹಿಡಿ ಹಾಕಿದರೂ ಹದಿನೈದು ಹಿಡಿ ಆಯಿತು. ಇಪ್ಪತ್ತು ಮಂದಿಯ ಪಾತ್ರೆ ಅಲ್ಲೇ ತುಂಬುತ್ತದೆ. ಅಳತೆ ತಗ್ಗಿಸಲು ಹೋಗಿ ಎರಡು ಕಾಳು, ಮೂರು ಸೊಪ್ಪು ಬಿಟ್ಟರೆ ಅದು ಸೊಪ್ಪಿನ ಪಲ್ಯ. ರುಚಿಯಾಗಿಯೇ ಇರುತ್ತದೆ, ಭಜ್ಜಿ ಮಾತ್ರ ಅಲ್ಲ.

ಈ ಹದಿನೈದು ಹಿಡಿಯೂ ಒಂದೇ ಮನೆಯಿಂದ ಬರುವುದಿಲ್ಲ ಎನ್ನುವುದು ಇನ್ನೊಂದು ಮಾತು. ತೊಗರಿಕಾಯಿ ದೊಡ್ಡವ್ವನ ಹೊಲದ್ದು. ಅವರೆ ಕಾಕಾನ ಬೇಲಿಯದು. ಹುಣಸೆಹಣ್ಣನ್ನು ಸೋದರತ್ತೆ ಹೋದ ಬೇಸಿಗೆಯದನ್ನೇ ಉಪ್ಪು ಬೆರೆಸಿ ಉಂಡೆ ಕಟ್ಟಿ ಇಟ್ಟಿರುತ್ತಾಳೆ. ಕಡಲೆಯ ಕುಡಿ ನಮ್ಮದು. ಎಳೆಯ ಗಿಡದ ತುದಿ ಚಿವುಟಿದರೆ ಪಕ್ಕದ ಕವಲು ಒಡೆಯುತ್ತವೆ. ಪಲ್ಯಕ್ಕೆ ಪಲ್ಯ, ಬೆಳೆಗೂ ಒಳ್ಳೆಯದು. ಆ ಎಲೆಯ ಮೇಲೆ ಸಣ್ಣ ಕೂದಲಿನಂಥ ರೋಮಗಳಿಂದ ಹುಳಿ ಒಸರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಬರಿಗಾಲಲ್ಲಿ ಕಡಲೆ ಹೊಲ ಹೊಕ್ಕರೆ ಹಿಮ್ಮಡಿಯ ಬಿರುಕು ಚುರುಚುರು ಎನ್ನುತ್ತದೆ. ಹಿಂದಿನವರು ರಾತ್ರಿ ಬೆಳೆಯ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಹೊಟ್ಟೆನೋವಿನ ಮದ್ದಿಗೆಂದು ತುಂಬಿಡುತ್ತಿದ್ದರು. ಆದ್ದರಿಂದ ಕಡಲೆ ಕುಡಿಯನ್ನು ತಿಕ್ಕಿ ತೊಳೆಯಬಾರದು, ರುಚಿಯೇ ಹೋಗುತ್ತದೆ. ಫೋನಿನಲ್ಲಿ ತಂಗಿಗೆ ಇದನ್ನು ಹೇಳಲು ಯಾರಿಗೂ ಹೊಳೆಯಲಿಲ್ಲ. ಗೊತ್ತಿರುವ ಸಂಗತಿಯನ್ನು ಯಾರು ಹೇಳುತ್ತಾರೆ?

ಭಜ್ಜಿಯ ಜೊತೆಗಿನ ಸಜ್ಜೆ ರೊಟ್ಟಿಯದು ವಾರದ ಕೆಲಸ. ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು. ಬೀಸಿಟ್ಟ ಹಿಟ್ಟು ಕೆಲವೇ ದಿನಕ್ಕೆ ಕಹಿಯಾಗುತ್ತದೆ, ಬೇಯಿಸಿ ಒಣಗಿಸಿದ ರೊಟ್ಟಿ ಮಾತ್ರ ಬಹುದಿನ ತಾಳುತ್ತದೆ. ಹಾಗಾಗಿ ಹಿಟ್ಟು ಬಂದ ದಿನವೇ ಓಣಿಯ ಹೆಂಗಸರು ಸೇರಿ, ಕುದಿವ ಎಸರಲ್ಲಿ ಕಲಸಿ, ಎಳ್ಳು ಹಚ್ಚಿ ಬಡಿದು ಮುಗಿಸುತ್ತಾರೆ. ಇಂದು ನಮ್ಮ ಮನೆ, ನಾಳೆ ಅವರ ಮನೆ: ಮುಯ್ಯಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದಾಗ ನಮ್ಮ ಓಣಿಯಲ್ಲಿ ಅದನ್ನು ಯಾರೂ ಗಮನಿಸಿದಂತಿರಲಿಲ್ಲ. ಸಜ್ಜೆ ಇಲ್ಲದ ಚಳಿಗಾಲವನ್ನು ಅವರು ಕಂಡಿದ್ದರೆ ತಾನೆ!

ಅಮವಾಸ್ಯೆಯ ದಿನ ಹೊತ್ತೇರುವ ಮೊದಲೇ ಊರು ಖಾಲಿ. ಮೊದಲು ಸವಾರಿ ಬಂಡಿಗಳಿದ್ದವು, ಈಗ ಟ್ರ್ಯಾಕ್ಟರ್, ಟಂಟಂ. ಮಾರ್ಗಶಿರದ ಕೊನೆಯ ಈ ದಿನಕ್ಕೆ ಹಿಂಗಾರಿ ಜೋಳ ತೆನೆ ಒಡೆಯುವ ಹೊತ್ತು. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎನ್ನುವುದು ನಂಬಿಕೆ. ಮಲೆನಾಡಿನವರು ಇದೇ ಭಾವದಿಂದ ಭೂಮಿ ಹುಣ್ಣಿಮೆ ಮಾಡುತ್ತಾರೆ. ನಮ್ಮಲ್ಲಿ ಬನ್ನಿ ಗಿಡದ ಕೆಳಗೆ ಐದು ಕಲ್ಲು ತೊಳೆದಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುತ್ತಾರೆ. ಮಾಡಿದ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಒಬ್ಬರು ಚೆಲ್ಲಿದರೆ ಹಿಂದಿನವರು ನೀರು ಚಿಮುಕಿಸುತ್ತಾ ಕೂಗು ಕೊಡುತ್ತಾರೆ. ಹಕ್ಕಿಗೂ ಇರುವೆಗೂ ಪಾಲು ಸಂದ ಮೇಲೆಯೇ ನಮ್ಮ ಊಟ.

ಊಟಕ್ಕೆ ಕೂತಾಗಲೇ ಜಗಳ ಶುರು. ನಮ್ಮ ವೈನಿ ಲಾತೂರು ಕಡೆಯವಳು. ಅಲ್ಲಿಯೂ ಇದೇ ಹಬ್ಬ, ಇದೇ ಭಜ್ಜಿ. ಹೆಸರು ವೇಳ ಅಮಾವಾಸ್ಯಾ, ಆಡುಮಾತಿನಲ್ಲಿ ಯೇಳವಸ. 1956ರವರೆಗೆ ಎರಡೂ ಕಡೆ ಒಂದೇ ಹೈದರಾಬಾದ್ ರಾಜ್ಯಕ್ಕೆ ಸೇರಿದ ಸೀಮೆ. ಗೆರೆ ಎಳೆದ ಮೇಲೂ ಹೆಣ್ಣು ಕೊಟ್ಟು ತರುವುದು ನಿಲ್ಲಲಿಲ್ಲ, ಭಜ್ಜಿಯ ಜಗಳವೂ ನಿಲ್ಲಲಿಲ್ಲ. ವೈನಿ ಕಡಲೆಹಿಟ್ಟು ಬಿಡುತ್ತಾಳೆ, ಅವ್ವ ಜೋಳದ ಹಿಟ್ಟು. "ನಿಮ್ಮದು ಅಂಬಲಿ ಆತು," ಎನ್ನುತ್ತಾಳೆ ವೈನಿ. "ನಿಮ್ಮದು ಗೋಡಿಗಿ ಬಳಿಯಾಕ ಬರ್ತದ," ಎನ್ನುತ್ತಾಳೆ ಅವ್ವ. ದೊಡ್ಡವ್ವ ಎರಡನ್ನೂ ಒಂದೇ ರೊಟ್ಟಿಯ ಮೇಲೆ ಹಾಕಿಕೊಂಡು, ಅಗಸಿ ಹಿಂಡಿ ಉದುರಿಸಿ, ಮೇಲೆ ಮೊಸರು ಸುರಿದು ಸುಮ್ಮನೆ ಉಣ್ಣುತ್ತಾಳೆ. ನನ್ನ ಮತವನ್ನು ಇಲ್ಲಿ ಬರೆದರೆ ಮನೆಯಲ್ಲಿ ಒಂದು ಹೊತ್ತಿನ ಊಟಕ್ಕೆ ಕುತ್ತು.

ಹೋದ ಸಲ ಕಾಕಾನ ಮಗಳು ನೋಟ್‌ಬುಕ್ ಹಿಡಿದು ಎಲ್ಲರ ಹಿಂದೆ ಅಲೆದಳು. ಸಂಜೆಗೆ ಅವಳ ಬಳಿ ಇದ್ದದ್ದು: ಹಿಟ್ಟು "ಹಿಡಿಸೋವಷ್ಟು", ಉಪ್ಪು "ಕಂಡಂಗ", ಹುಣಸೆ "ಕಡಲಿ ಎಷ್ಟು ಹುಳಿ ಅದ ನೋಡ್ಕೊಂಡು". ವಿಡಿಯೊ ಮಾಡಿದರೆ ಅವ್ವ ಸೆರಗು ಸರಿಮಾಡಿಕೊಂಡು ಕ್ಯಾಮೆರಾ ನೋಡುತ್ತಾ ಕೂತಳು, ಒಗ್ಗರಣೆ ಸೀದಿತು. ಒಂದೇ ಒಂದು ಸಾಲು ಮಾತ್ರ ಎಲ್ಲರೂ ಒಪ್ಪಿ ಬರೆಸಿದ್ದು: ಭಜ್ಜಿ ಮರುದಿನವೇ ಚಂದ. ರಾತ್ರಿಯಿಡೀ ಇದ್ದು ಹುಳಿ, ಖಾರ, ಕಾಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಬೆಳಿಗ್ಗೆ ಊರಿಗೆ ಹೊರಟವರ ಡಬ್ಬಿಗಳಲ್ಲಿ ಅದೇ. ಬಸ್ಸಿನ ಅರ್ಧ ಹಾದಿಗೆ ಮುಚ್ಚಳ ಸಡಿಲಾಗಿ ಬ್ಯಾಗೆಲ್ಲ ಬೆಳ್ಳುಳ್ಳಿ ವಾಸನೆ.

ಈ ಸಲ ಹಬ್ಬದ ರಾತ್ರಿ ತಂಗಿ ಮತ್ತೆ ಫೋನ್ ಮಾಡಿದಳು. ಅವ್ವನ ಮಾತು ಕೇಳಿ ಝುಣಕ ಮಾಡಿರಲಿಲ್ಲ. ಬೀದರದ ಒಂದು ಕುಟುಂಬ, ಕೆಳಗಿನ ಮನೆಯ ಮಂಡ್ಯದವರು, ಗಂಡನ ಆಫೀಸಿನ ಹುಡುಗರು ಎಲ್ಲ ಸೇರಿ ಹನ್ನೊಂದು ಮಂದಿಯನ್ನು ಕರೆದಿದ್ದಳಂತೆ. ತೊಗರಿಕಾಯಿ ಸಿಗಲಿಲ್ಲ, ಅವರೆ ಬೇಕಾದಷ್ಟಿತ್ತು. ಕಡಲೆ ಕುಡಿ ಇಲ್ಲದ್ದಕ್ಕೆ ಪುಂಡಿಸೊಪ್ಪು. ತಾರಸಿಯ ಮೇಲೆ ಚಾಪೆ ಹಾಸಿ ಉಂಡರು, ಕುಂಡದ ಗಿಡಗಳ ಸುತ್ತ ಚರಗ ಚೆಲ್ಲಿದರು. ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ನಾಳಿಗಿ ಉಳೀತೇನು?"

"ಇಲ್ಲವ್ವಾ, ಪಾತೇಲಿ ಬಳ್ಕೊಂಡು ತಿಂದ್ರು."

"ಹಂಗಾದ್ರ ಕಡಿಮಿ ಮಾಡೀದಿ."