ಜೀವಕೋಶದ ಒಲೆಗೆ ಯಾವ ಉರುವಲು?



ಒಲೆಯ ಮುಂದೆ ಕೂಡುವ ನಮ್ಮ ತಾಯಂದಿರಿಗೆ ಉರುವಲಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೊಗರಿಕಟ್ಟಿಗೆ ಭಗ್ಗನೆ ಹತ್ತಿ ಬೇಗ ಮುಗಿಯುತ್ತದೆ. ಜಾಲಿಯ ಕೊರಡು ತಡವಾಗಿ ಹತ್ತಿದರೂ ಬಹಳ ಹೊತ್ತು ಉರಿಯುತ್ತದೆ. ಏನೂ ಸಿಗದ ದಿನ ಮನೆಯ ಜಂತಿಯನ್ನೇ ಮುರಿದು ಒಲೆಗಿಡುವ ಪ್ರಸಂಗವೂ ಬಂದೀತು. ನಮ್ಮ ಶರೀರದ ಜೀವಕೋಶಗಳಲ್ಲಿಯೂ ಇಂಥದೇ ಒಲೆಯಿದೆ. ನಾವು ಎಳೆದುಕೊಳ್ಳುವ ಉಸಿರಿನಲ್ಲಿಯ ಆಮ್ಲಜನಕ ಕೊನೆಗೆ ಮುಟ್ಟುವುದು ಅಲ್ಲಿಗೇ.

ತಡವಳದ ಸುತ್ತಿನ ಎರೆಹೊಲಗಳ ಹಿಂಗಾರಿ ಜೋಳದಲ್ಲಿ ನೂರಕ್ಕೆ ಸುಮಾರು 70 ಪಾಲು ಪಿಷ್ಟ. ಅದು ಹೊಟ್ಟೆಯಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಇದು ತೊಗರಿಕಟ್ಟಿಗೆ. ರೊಟ್ಟಿಯ ಜೊತೆಗೆ ಶೇಂಗಾ ಚಟ್ನಿ ಇಲ್ಲದೆ ಸೊಲ್ಲಾಪುರ ಸೀಮೆಯವರ ಊಟ ಏಳುವುದಿಲ್ಲ. ಆ ಶೇಂಗಾ ಕಾಳಿನಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಇದು ಜಾಲಿಯ ಕೊರಡು. ಒಂದು ಗ್ರಾಂ ಪಿಷ್ಟದಿಂದ 4 ಕಿಲೋಕ್ಯಾಲರಿ ಶಕ್ತಿ ಬಂದರೆ ಕೊಬ್ಬಿನಿಂದ 9 ಬರುತ್ತದೆ, ಆದರೆ ಅದನ್ನು ಉರಿಸಲು ಆಮ್ಲಜನಕವೂ ಹೆಚ್ಚು ಬೇಕು. ಬೇಳೆಯಿಂದ ಬರುವ ಪ್ರೋಟೀನು ಮೈಯ ಜಂತಿ. ಉಳಿದ ಉರುವಲು ಸಾಲದಾಗ ಶರೀರ ಅದನ್ನೂ ಸುಡುತ್ತದೆ; ಬಹುದಿನ ಅನ್ನವಿಲ್ಲದವರ ತೋಳು ತೊಡೆ ಕರಗುವುದು ಹೀಗೆ. ಮೂರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಚಕ್ರಕ್ಕೆ ಸೇರಿ ಉರಿಯುತ್ತವೆ. ಆ ಚಕ್ರವನ್ನು 1937ರಲ್ಲಿ ತೋರಿಸಿಕೊಟ್ಟ ಹ್ಯಾನ್ಸ್ ಕ್ರೆಬ್ಸ್ ಅವರಿಗೆ 1953ರಲ್ಲಿ ನೊಬೆಲ್ ಬಹುಮಾನ ಬಂದಿತು.

ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ತುಂಬ ಗ್ಲೂಕೋಸ್ ಇದ್ದರೂ ಇನ್ಸುಲಿನ್ ಇಲ್ಲದೆ ಅದು ಸರಿಯಾಗಿ ಒಲೆ ಮುಟ್ಟುವುದಿಲ್ಲ. ಆಗ ಶರೀರ ಕೊಬ್ಬನ್ನು ಮಿತಿಮೀರಿ ಒಡೆಯುತ್ತದೆ. ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. "ಜ್ವರ ಬಂದಿದೆ, ಊಟವೇ ಮಾಡಿಲ್ಲ, ಇನ್ನು ಸೂಜಿ ಯಾಕೆ?" ಎಂದು ಮನೆಯವರು ಇನ್ಸುಲಿನ್ ನಿಲ್ಲಿಸುತ್ತಾರೆ. ನಿಲ್ಲಿಸಬಾರದು, ಡಾಕ್ಟರರನ್ನು ಕೇಳಬೇಕು. ವಾಂತಿ, ಏದುಸಿರು, ಬಾಯಲ್ಲಿ ಕಳಿತ ಹಣ್ಣಿನಂಥ ವಾಸನೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಅಕ್ಕಲಕೋಟೆಗೋ ಸೊಲ್ಲಾಪುರಕ್ಕೋ ಕರೆದೊಯ್ಯಿರಿ.

ಇನ್ನು ಹಗೇವಿನ ಮಾತು. ಕಾಳು ಒಣಗಿದ್ದರೂ ಸತ್ತಿರುವುದಿಲ್ಲ. ಜೋಳ ತನ್ನ ಪಿಷ್ಟವನ್ನೇ ಸುಡುತ್ತ ನಿಧಾನವಾಗಿ ಉಸಿರಾಡುತ್ತದೆ. ಪಿಷ್ಟದ ಲೆಕ್ಕ ಸರಿಸಮ: ಎಷ್ಟು ಆಮ್ಲಜನಕ ಒಳಗೆ ಹೋಯಿತೋ ಅಷ್ಟೇ ಇಂಗಾಲದ ಡೈಆಕ್ಸೈಡ್ ಹೊರಗೆ. ಕಾಳು ಹಸಿಯಾಗಿದ್ದರೆ, ಹುಳು ಬೂಷ್ಟು ಸೇರಿದ್ದರೆ ಈ ಉಸಿರು ಇನ್ನೂ ಜೋರು, ಕಾಳು ಕಾವೇರುತ್ತದೆ. ಮುಚ್ಚಿದ ಹಗೇವಿನಲ್ಲಿ ಆ ಕೆಟ್ಟ ಗಾಳಿ ತಂಗಿರುತ್ತದೆ. ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಅವಸರದಿಂದ ಹಾರಿದವನೂ ಅಲ್ಲೇ ಉಳಿಯುತ್ತಾನೆ.

ಈಗ ಹಗೇವುಗಳು ಕಡಿಮೆಯಾಗಿವೆ, ನಿಜ. ಇರುವವರು ಬಾಯಿ ತೆರೆದು ಚೆನ್ನಾಗಿ ಗಾಳಿಯಾಡಲು ಬಿಡಿರಿ. ಕಂದೀಲು ಇಳಿಸಿ ನೋಡುವ ಹಿರಿಯರ ರೂಢಿಯಂತೆ ದೀಪ ಆರಿದರೆ ಇಳಿಯಲೇಬಾರದು; ಆರದಿದ್ದರೂ ಪೂರ್ತಿ ನಂಬಬಾರದು. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಎಳೆಯಲು ಇಬ್ಬರು ನಿಂತಿರಿ.